ವಾರ್ಷಿಕ ಪ್ರವೇಶ ಪಾಸು: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಅಡಿಕೆ ಕೊಯ್ಲು ಮುಗಿದು, ಕಾಫಿ ಒಣಗಿ ಮೂಟೆಯಾಗಿ, ಹೂಮಳೆಯೂ ಬಿದ್ದುಹೋದ ಮೇಲೆ ನಮ್ಮ ಸದಸ್ಯರಲ್ಲಿ ಕೆಲವರು ಇಂಗ್ಲೆಂಡಿನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಒಂದೆರಡು ತಿಂಗಳ ಮಟ್ಟಿಗೆ ಹೋಗಿಬರುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹೊರಡುವ ಮುನ್ನ ಸಂಘದ ಕಚೇರಿಗೆ ಬಂದು ಸಾಲದ ಕಂತು, ಗೊಬ್ಬರದ ಬಾಕಿ ಎಲ್ಲ ವಿಚಾರಿಸಿಕೊಂಡು, ಕೊನೆಗೆ ಬಾಗಿಲ ಹತ್ತಿರ ನಿಂತು ಕೇಳುವ ಪ್ರಶ್ನೆಯೊಂದಿದೆ: “ಮಕ್ಕಳೊಟ್ಟಿಗೆ ಓಡಾಡಲಿಕ್ಕೆ ವರ್ಷದ ಪಾಸು ಮಾಡಿಸುತ್ತೇನೆ ಅಂತಾನೆ ಮಗ. ನಾವು ಇರುವುದು ಎಂಟು ವಾರ. ಇದು ದಂಡದ ಖರ್ಚಲ್ಲವೇ?” ಒಬ್ಬರಲ್ಲ, ಹಲವರು ಕೇಳಿದ್ದರಿಂದ ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಪತ್ರಿಕೆಯಲ್ಲೇ ಬರೆಯುವುದು ಲೇಸೆಂದು ತೋರಿತು.

ಪಾಸು ಎಂಬುದು ನಮಗೆ ಹೊಸದೇನೂ ಅಲ್ಲ. ಕಾಲೇಜಿಗೆ ಹೋಗುವ ಮಕ್ಕಳ ಬಸ್ ಪಾಸು ಪ್ರತಿ ಮನೆಯಲ್ಲೂ ಇದ್ದೇ ಇದೆ. 2025ರ ಆಗಸ್ಟ್ 15ರಿಂದ ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗೂ ವಾರ್ಷಿಕ ಪಾಸು ಬಂತು. ಆರಂಭದಲ್ಲಿ ಅದರ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ ದಾಟುವುದು, ಇವೆರಡರಲ್ಲಿ ಯಾವುದು ಮೊದಲು ಮುಗಿಯುವುದೋ ಅಲ್ಲಿಯವರೆಗೆ. ಅದೂ ಸ್ವಂತ ಬಳಕೆಯ ಕಾರು, ಜೀಪುಗಳಿಗೆ ಮಾತ್ರ. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಓಡಾಡುವವರಿಗೆ ಅದು ಲಾಭ. ವರ್ಷಕ್ಕೊಮ್ಮೆ ಹರಕೆ ತೀರಿಸಲು ಹೊರಡುವವರಿಗೆ ಅದರಿಂದೇನೂ ಪ್ರಯೋಜನವಿಲ್ಲ. ಇಂಗ್ಲೆಂಡಿನಲ್ಲಿ ಆಟದ ಪಾರ್ಕು, ಕೋಟೆ, ಹಳೆಯ ಅರಮನೆ, ಸಸ್ಯತೋಟ, ಮತ್ಸ್ಯಾಲಯ ಮುಂತಾದವಕ್ಕೆ ಸಿಗುವ ಪಾಸೂ ಇದೇ ಜಾತಿಯದು. ಒಮ್ಮೆ ಹಣ ಕಟ್ಟಿದರೆ ವರ್ಷವಿಡೀ ಎಷ್ಟು ಸಲ ಬೇಕಾದರೂ ಒಳಗೆ ಹೋಗಬಹುದು.

ಲೆಕ್ಕಕ್ಕೆ ಹೋಗುವ ಮೊದಲು ಒಂದು ಮಾತು. ಅಲ್ಲಿಗೆ ಹೋದ ನಮ್ಮ ಹಿರಿಯರು ಮಾಡುವ ಮೊದಲ ಕೆಲಸವೆಂದರೆ ಪೌಂಡನ್ನು ರೂಪಾಯಿಗೆ ಗುಣಿಸುವುದು. ಒಂದು ಪೌಂಡಿಗೆ ನೂರು ರೂಪಾಯಿಗೂ ಮೇಲಾದ ಕಾಲದಲ್ಲಿ ಹಾಗೆ ಗುಣಿಸಿದರೆ ಎದೆ ಝಲ್ಲೆನ್ನುವುದು ಸಹಜ. ಒಂದು ಬಟ್ಟಲು ಕಾಫಿಗೆ ಕೊಟ್ಟ ಹಣದಲ್ಲಿ ಇಲ್ಲಿ ಮನೆಮಂದಿಗೆಲ್ಲ ವಾರಗಟ್ಟಲೆ ಕಾಫಿಪುಡಿ ಬರುತ್ತದೆ. ಆ ಪುಡಿಯ ಬೀಜವನ್ನು ಬೆಳೆದವರು ನಾವೇ ಆದ್ದರಿಂದ ಸಂಕಟ ಇನ್ನೂ ಹೆಚ್ಚು. ಪರಿಣಾಮವೆಂದರೆ, “ನೀವೆಲ್ಲ ಹೋಗಿಬನ್ನಿ ಮಾರಾಯ, ನಮಗೆ ಅಲ್ಲಿ ನೋಡಲಿಕ್ಕೆ ಏನಿದೆ” ಎಂದು ಅಜ್ಜ ಅಜ್ಜಿ ಮನೆಯಲ್ಲೇ ಕಿಟಕಿಯ ಹತ್ತಿರ ಕುಳಿತುಬಿಡುತ್ತಾರೆ. ವಾರದ ಐದು ದಿನ ಮಗ ಸೊಸೆಗೆ ಕೆಲಸ, ಮಕ್ಕಳಿಗೆ ಶಾಲೆ. ಉಳಿದೆರಡು ದಿನಗಳಲ್ಲಿ ಅವರು ಹೊರಗೆ, ಇವರು ಒಳಗೆ. ಎಂಟು ವಾರ ಕಳೆದು ವಿಮಾನ ಹತ್ತುವಾಗ ಮೊಮ್ಮಕ್ಕಳ ಪರಿಚಯ ಹೋದಾಗ ಎಷ್ಟಿತ್ತೋ ಅಷ್ಟೇ ಇರುತ್ತದೆ. ವಿಮಾನದ ಟಿಕೆಟ್ಟು, ವೀಸಾದ ಖರ್ಚು ಇವೆಲ್ಲ ಯಾವುದಕ್ಕಾಗಿ ಆಯಿತೋ ಅದೇ ಕೈಗೂಡದೆ ಹೋಗುತ್ತದೆ. ಪಾಸಿನ ವಿಚಾರವನ್ನು ಈ ದೃಷ್ಟಿಯಿಂದ ನೋಡಬೇಕೆಂದು ನನ್ನ ಅಭಿಪ್ರಾಯ.

ಇನ್ನು ಲೆಕ್ಕ. ಅಡಿಕೆ ಸುಲಿಯುವ ಯಂತ್ರವನ್ನು ಬಾಡಿಗೆಗೆ ತರಿಸುವುದೋ ಸ್ವಂತಕ್ಕೆ ಕೊಳ್ಳುವುದೋ ಎಂದು ನಾವು ಹೇಗೆ ನಿರ್ಧರಿಸುತ್ತೇವೆ? ನಮ್ಮ ಫಸಲು ಎಷ್ಟು, ಯಂತ್ರ ವರ್ಷಕ್ಕೆ ಎಷ್ಟು ದಿನ ಓಡೀತು ಎಂದು ನೋಡಿ. ಪಾಸಿಗೂ ಅದೇ ಸೂತ್ರ. ಉದಾಹರಣೆಗೆ ಒಂದು ದಿನದ ಟಿಕೆಟ್ಟು ತಲೆಗೆ 40 ಪೌಂಡು, ವರ್ಷದ ಪಾಸು 100 ಪೌಂಡು ಎಂದಿಟ್ಟುಕೊಳ್ಳೋಣ. (ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು, ನಿಜವಾದ ದರ ಆಗಾಗ ಬದಲಾಗುತ್ತದೆ.) ಎರಡು ಸಲ ಹೋದರೆ ನಷ್ಟ, ಮೂರನೆಯ ಸಲಕ್ಕೆ ಹಣ ಹುಟ್ಟಿತು, ನಾಲ್ಕನೆಯದರಿಂದ ಮುಂದೆ ಪ್ರವೇಶ ಪುಕ್ಕಟೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಬಾಗಿಲಲ್ಲಿ ಬರೆದಿರುವ ದರವನ್ನು ಪೂರ್ತಿ ತೆತ್ತು ಒಳಗೆ ಹೋಗುವವರು ಕಡಿಮೆ. ದೊಡ್ಡ ಪಾರ್ಕುಗಳ ಟಿಕೆಟ್ಟನ್ನು ಮುಂಚಿತವಾಗಿ ಆನ್‌ಲೈನಿನಲ್ಲಿ ಕೊಂಡರೆ ಸಾಕಷ್ಟು ಅಗ್ಗ. ಬಾಗಿಲ ದರವನ್ನು ಎತ್ತರದಲ್ಲಿ ಇಡುವುದರಿಂದ ಪಾಸು ಬಲು ಅಗ್ಗವಾಗಿ ಕಾಣುತ್ತದೆ. ಆದ್ದರಿಂದ ಪಾಸಿನ ಬೆಲೆಯನ್ನು ಮುಂಗಡ ಟಿಕೆಟ್ಟಿನ ದರದೊಡನೆ ಹೋಲಿಸಬೇಕೇ ಹೊರತು ಬಾಗಿಲ ದರದೊಡನೆ ಅಲ್ಲ. ಮುಂಗಡ ದರ 30 ಪೌಂಡಾದರೆ ಅದೇ 100 ಪೌಂಡಿನ ಪಾಸಿಗೆ ನಾಲ್ಕು ಭೇಟಿ ಬೇಕಾಯಿತು.

ಮಾರುವವರ ಲೆಕ್ಕವನ್ನೂ ತಿಳಿದಿರಬೇಕು. ಪಾಸು ಕೊಂಡವರೆಲ್ಲ ಪ್ರತಿ ವಾರ ಬಂದರೆ ಯಾವ ಕಂಪನಿಯೂ ಬಾಳದು. ಮೊದಲ ಉತ್ಸಾಹದಲ್ಲಿ ಎರಡು ಮೂರು ಸಲ ಬಂದು ಆಮೇಲೆ ಮರೆತುಬಿಡುವವರ ಹಣದಲ್ಲಿ ಒಂದು ಪಾಲು; ಬಂದವರು ಒಳಗೆ ಕೊಳ್ಳುವ ಊಟ, ಐಸ್ ಕ್ರೀಂ, ಗೊಂಬೆ, ಫೋಟೋಗಳಲ್ಲಿ ಇನ್ನೊಂದು ಪಾಲು. ಬುತ್ತಿ ಕಟ್ಟಿಕೊಂಡು ಹೋಗುವ ನಮ್ಮ ಪದ್ಧತಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಪಾರ್ಕಿನ ಹುಲ್ಲಿನ ಮೇಲೆ ಚಿತ್ರಾನ್ನ, ಮೊಸರನ್ನದ ಡಬ್ಬಿ ಬಿಚ್ಚಿದರೆ ಯಾರೂ ತಿರುಗಿ ನೋಡುವುದಿಲ್ಲ; ಅಲ್ಲಿಯವರೂ ಡಬ್ಬಿ ತಂದೇ ಇರುತ್ತಾರೆ.

ಹಣದ ಲೆಕ್ಕಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ದಿನದ ಟಿಕೆಟ್ಟು ಕೊಂಡವನು ಕೊಟ್ಟ ಹಣ ವಸೂಲಾಗಲಿ ಎಂದು ಬೆಳಿಗ್ಗೆ ಬಾಗಿಲು ತೆರೆಯುವುದರಿಂದ ಸಂಜೆ ಮುಚ್ಚುವವರೆಗೆ ಎಲ್ಲರನ್ನೂ ಎಳೆದಾಡುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ಮಂಡಿ ಹಿಡಿದಿರುತ್ತದೆ, ಮಗು ರಂಪ ಮಾಡುತ್ತಿರುತ್ತದೆ, ಮಳೆ ಬೇರೆ ಹನಿಯುತ್ತಿರುತ್ತದೆ. ಆದರೂ ಹೊರಡುವಂತಿಲ್ಲ, ಟಿಕೆಟ್ಟು ತೆಗೆದಾಗಿದೆ. ಪಾಸು ಇದ್ದವನಿಗೆ ಈ ಬಾಧೆಯಿಲ್ಲ. ಎರಡು ಗಂಟೆ ಇದ್ದು, ಒಂದು ಮೂಲೆ ನೋಡಿ, ಚಹಾ ಕುಡಿದು ಮನೆಗೆ ಬರಬಹುದು. ಉಳಿದದ್ದು ಮುಂದಿನ ಶನಿವಾರಕ್ಕೆ. ಅರವತ್ತೈದು ದಾಟಿದವರಿಗೂ ಐದು ವರ್ಷದ ಮಗುವಿಗೂ ಸರಿಹೊಂದುವ ಅಳತೆ ಇದೇ ಎರಡು ಗಂಟೆ. ಹಿರಿಯರು ಮನೆಗೆ ಬರುವ ವರ್ಷ ಪಾಸು ಮಾಡಿಸುವುದು ಒಳ್ಳೆಯದೆಂದು ನಾನು ಹೇಳುವುದು ಮುಖ್ಯವಾಗಿ ಈ ಕಾರಣಕ್ಕೆ.

ಆದರೆ ಎರಡು ಗಂಟೆಗಾಗಿ ಎರಡು ಗಂಟೆ ಕಾರು ಓಡಿಸುವವರಿಲ್ಲ. ಕೊಳ್ಳುವ ಮುನ್ನ ಮಗನ ಮನೆಯನ್ನು ನಡುವಿಟ್ಟು ನಕ್ಷೆಯ ಮೇಲೆ ಒಂದು ಗಂಟೆಯ ದಾರಿಯ ಸುತ್ತು ಎಳೆಯಬೇಕು. ಆ ಸುತ್ತಿನೊಳಗೆ ಪಾಸು ನಡೆಯುವ ಜಾಗ ಮೂರು ನಾಲ್ಕಾದರೂ ಇದ್ದರೆ ಸರಿ. ದೇಶದ ತುಂಬ ನೂರಾರು ಜಾಗಗಳಿಗೆ ಪ್ರವೇಶವಿದೆ ಎಂಬ ಜಾಹೀರಾತಿನ ಮಾತಿಗೆ ಮರುಳಾಗಬಾರದು. ವೈಟ್ ದ್ವೀಪದಲ್ಲಿರುವ ಆಸ್ಬೋರ್ನ್ ಹೌಸ್ ಎಂಬ ವಿಕ್ಟೋರಿಯಾ ರಾಣಿಯ ಮನೆಯಲ್ಲಿ ಪಂಜಾಬಿನ ಶಿಲ್ಪಿ ಭಾಯಿ ರಾಮ್ ಸಿಂಗ್ ವಿನ್ಯಾಸ ಮಾಡಿದ ದರ್ಬಾರು ಕೋಣೆಯಿದೆ, ನೋಡತಕ್ಕದ್ದೇ. ಆದರೆ ಪಾಸು ಆ ಮನೆಯ ಬಾಗಿಲಿಗೆ ನಡೆಯುತ್ತದೆಯೇ ಹೊರತು ದ್ವೀಪಕ್ಕೆ ಹೋಗುವ ಹಡಗಿಗಲ್ಲ.

ಪಾಸುಗಳಲ್ಲಿ ಎರಡು ಬಗೆ. ಇದನ್ನು ಸಹಕಾರಿಗಳಾದ ನಾವು ಸುಲಭವಾಗಿ ತಿಳಿದುಕೊಳ್ಳಬಹುದು. ಒಂದು, ಲಾಭಕ್ಕಾಗಿ ನಡೆಯುವ ಕಂಪನಿಯ ಪಾಸು. ಇನ್ನೊಂದು, ಸದಸ್ಯರೇ ಕೂಡಿ ನಡೆಸುವ ಸಂಸ್ಥೆಯ ಸದಸ್ಯತ್ವ.

ಕಂಪನಿಗಳ ಪೈಕಿ ದೊಡ್ಡದು ಮರ್ಲಿನ್. ಆಲ್ಟನ್ ಟವರ್ಸ್, ಥಾರ್ಪ್ ಪಾರ್ಕ್, ಚೆಸಿಂಗ್ಟನ್, ವಿಂಡ್ಸರಿನ ಲೆಗೋಲ್ಯಾಂಡ್, ವಾರಿಕ್ ಕೋಟೆ, ಲಂಡನ್ ಐ, ಮೇಡಂ ಟುಸ್ಸಾಡ್ಸ್ ಎಲ್ಲವೂ ಅದರವೇ. 2019ರಲ್ಲಿ ಲೆಗೋ ಆಟಿಕೆಯ ಮನೆತನದ ಹೂಡಿಕೆ ಸಂಸ್ಥೆ ಇತರರೊಡನೆ ಸೇರಿ ಅದನ್ನು ಕೊಂಡಿತು. ಅದರ ಪಾಸಿನಲ್ಲಿ ದರ್ಜೆಗಳಿವೆ. ಅಗ್ಗದ ದರ್ಜೆಯದಕ್ಕೆ ಪ್ರವೇಶವಿಲ್ಲದ ದಿನಗಳ ಪಟ್ಟಿಯೇ ಇರುತ್ತದೆ, ಆ ದಿನಗಳು ಹೆಚ್ಚಾಗಿ ಮಕ್ಕಳಿಗೆ ರಜೆಯಿರುವ ದಿನಗಳೇ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಅಂಥ ಪಾಸು ಗೊನೆ ಬಿಡದ ಅಡಿಕೆ ಮರವಿದ್ದಂತೆ. ವಾಹನ ನಿಲುಗಡೆಗೆ ಬೇರೆ ಹಣ ಬೇಕೇ ಎಂಬುದೂ ದರ್ಜೆಯ ಮೇಲೆ ಹೋಗುತ್ತದೆ. ಬಯಲಿನ ಪಾರ್ಕುಗಳು ಬಹುಮಟ್ಟಿಗೆ ಮಾರ್ಚಿನಿಂದ ನವೆಂಬರ್ ಆರಂಭದವರೆಗೆ ತೆರೆದಿದ್ದು ಚಳಿಗಾಲದಲ್ಲಿ ಹೆಚ್ಚು ದಿನ ಮುಚ್ಚಿರುತ್ತವೆ. ಆದ್ದರಿಂದ ಹೆಸರಿಗೆ ವರ್ಷದ ಪಾಸಾದರೂ ಬಳಕೆಗೆ ಸಿಗುವುದು ಎಂಟು ತಿಂಗಳು. ಮಕ್ಕಳ ಎತ್ತರವನ್ನೂ ಅಳೆದುಕೊಂಡು ಹೋಗಬೇಕು. ಆಲ್ಟನ್ ಟವರ್ಸ್‌ನ ನೆಮೆಸಿಸ್, ಒಬ್ಲಿವಿಯನ್ ಎಂಬ ಹೆಸರುವಾಸಿ ಸವಾರಿಗಳಿಗೆ 1.4 ಮೀಟರ್ ಎತ್ತರ ಇರಲೇಬೇಕು. ಬಾಗಿಲಲ್ಲಿ ನಿಂತ ಅಳತೆ ಕೋಲಿಗೆ ಎರಡು ಬೆರಳು ಕಡಿಮೆಯಾದ ಹುಡುಗನನ್ನು ಸಮಾಧಾನ ಮಾಡುವುದು ಅಜ್ಜನ ಪಾಲಿಗೇ ಬರುತ್ತದೆ. ಸವಾರಿಗಳಲ್ಲಿ ಹಿರಿಯರಿಗೆ ಮಾಡುವಂಥದ್ದು ಹೆಚ್ಚೇನೂ ಇಲ್ಲ, ಬೆಂಚಿನ ಮೇಲೆ ಕುಳಿತು ಚೀಲ ಕಾಯಬಹುದು.

ಎರಡನೆಯ ಬಗೆಗೆ ಒಳ್ಳೆಯ ಉದಾಹರಣೆ ನ್ಯಾಷನಲ್ ಟ್ರಸ್ಟ್. 1895ರಲ್ಲಿ ಆಕ್ಟೇವಿಯಾ ಹಿಲ್ ಎಂಬ ಮಹಿಳೆ, ರಾಬರ್ಟ್ ಹಂಟರ್ ಎಂಬ ವಕೀಲರು, ಹಾರ್ಡ್‌ವಿಕ್ ರಾನ್ಸ್‌ಲೀ ಎಂಬ ಪಾದ್ರಿ, ಈ ಮೂವರು ಸೇರಿ ಅದನ್ನು ಸ್ಥಾಪಿಸಿದರು. ಬಡವರಿಗೆ ಗಾಳಿ ಬೆಳಕಿನ ಬಯಲು ಉಳಿಯಬೇಕು, ಹಳೆಯ ಕಟ್ಟಡಗಳು ಕುಸಿಯಬಾರದು ಎಂಬುದು ಉದ್ದೇಶ. ಅವರಿಗೆ ಮೊದಲು ದೊರೆತ ಆಸ್ತಿ ವೇಲ್ಸಿನ ಸಮುದ್ರದಂಚಿನ ಡಿನಾಸ್ ಒಲೈ ಎಂಬ ನಾಲ್ಕೂವರೆ ಎಕರೆ ಗುಡ್ಡ; ಒಬ್ಬ ಹೆಂಗಸು ದಾನವಾಗಿ ಕೊಟ್ಟದ್ದು. ಮೊದಲು ಕೊಂಡ ಕಟ್ಟಡಕ್ಕೆ 1896ರಲ್ಲಿ ತೆತ್ತ ಬೆಲೆ 10 ಪೌಂಡು. ಸಸೆಕ್ಸಿನ ಆಲ್‌ಫ್ರಿಸ್ಟನ್‌ನಲ್ಲಿ ಹುಲ್ಲು ಹೊದಿಸಿದ ಆ ಹಳೆಯ ಪಾದ್ರಿಮನೆ ಇಂದಿಗೂ ನಿಂತಿದೆ. 1907ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿ, ಟ್ರಸ್ಟ್ ತನ್ನ ಭೂಮಿಯನ್ನು ಪರಭಾರೆ ಮಾಡಲಾಗದ್ದೆಂದು ಘೋಷಿಸುವ ಅಧಿಕಾರ ಕೊಟ್ಟಿತು. ಪಾಲು ಪಾಲಾಗಿ ಹರಿದುಹೋಗುವ ಜಮೀನುಗಳನ್ನು ಕಣ್ಣೆದುರೇ ನೋಡುತ್ತಿರುವ ನಮಗೆ ಇದರ ಬೆಲೆ ಗೊತ್ತಾಗುತ್ತದೆ. 1981ರಲ್ಲಿ ಸದಸ್ಯರ ಸಂಖ್ಯೆ 10 ಲಕ್ಷ ಮುಟ್ಟಿತು. ಈಗ 50 ಲಕ್ಷಕ್ಕೂ ಹೆಚ್ಚು. ವಾರ್ಷಿಕ ಮಹಾಸಭೆಯಿದೆ, ಸದಸ್ಯರಿಗೆ ಮತವಿದೆ, ಡಿವಿಡೆಂಡು ಮಾತ್ರ ಇಲ್ಲ. ಉಳಿತಾಯವೆಲ್ಲ ಮಾಡು ಕಟ್ಟುವುದಕ್ಕೆ, ಕಾಡು ನೋಡಿಕೊಳ್ಳುವುದಕ್ಕೆ. ನಮ್ಮ ಮಹಾಸಭೆಗೆ ಕೋರಂ ಆಗದೆ ಅರ್ಧ ಗಂಟೆ ಕಾಯುವ ನನಗೆ ಆ ಸಂಖ್ಯೆ ಕಂಡಾಗ ಸ್ವಲ್ಪ ಹೊಟ್ಟೆಕಿಚ್ಚಾಗುವುದು ನಿಜ.

ಟ್ರಸ್ಟಿನ ಕುಟುಂಬ ಸದಸ್ಯತ್ವದಲ್ಲಿ ಒಂದೇ ವಿಳಾಸದಲ್ಲಿರುವ ಇಬ್ಬರು ದೊಡ್ಡವರು ಮತ್ತು ಅವರ 17 ವರ್ಷದವರೆಗಿನ ಮಕ್ಕಳು ಅಥವಾ ಮೊಮ್ಮಕ್ಕಳು ಸೇರುತ್ತಾರೆ. ಐದು ವರ್ಷದೊಳಗಿನ ಮಕ್ಕಳಿಗೆ ಹೇಗೂ ಟಿಕೆಟ್ಟಿಲ್ಲ. ಮಗ ಸೊಸೆಯ ಕಾರ್ಡಿನಲ್ಲಿ ಅಜ್ಜ ಅಜ್ಜಿ ಬರುವುದಿಲ್ಲವೆಂಬುದನ್ನು ಗಮನಿಸಬೇಕು. ಅವರು ಮನೆ, ಉದ್ಯಾನ ನೋಡುವ ದಿನ ಬೇರೆ ಟಿಕೆಟ್ಟು ತೆಗೆಯಬೇಕಾಗುತ್ತದೆ. ಆದರೆ ಟ್ರಸ್ಟಿನ ಕಾಡು, ಗುಡ್ಡ, ಕಡಲ ದಂಡೆಗಳಿಗೆ ಹೆಚ್ಚಿನ ಕಡೆ ಪ್ರವೇಶ ಶುಲ್ಕವೇ ಇಲ್ಲ, ಕಾರು ನಿಲ್ಲಿಸಲು ಮಾತ್ರ ಹಣ. ಸದಸ್ಯರ ಕಾರಿಗೆ ಅದೂ ಇಲ್ಲ. ಹಾಗಾಗಿ ಮನೆಯಲ್ಲಿ ಒಂದು ಕಾರ್ಡಿದ್ದರೆ ಕಾರಿನಲ್ಲಿ ಕುಳಿತವರೆಲ್ಲರಿಗೂ ಒಂದು ದಿನದ ತಿರುಗಾಟ ದಕ್ಕುತ್ತದೆ. ಏಪ್ರಿಲ್ ಕೊನೆ, ಮೇ ಆರಂಭದಲ್ಲಿ ಅಲ್ಲಿನ ಕಾಡುಗಳ ನೆಲವೆಲ್ಲ ನೀಲಿ ಹೂವಿನಿಂದ ಮುಚ್ಚಿರುತ್ತದೆ. ನಮ್ಮವರು ಹೋಗುವುದೂ ಆಗಲೇ.

ನ್ಯಾಷನಲ್ ಟ್ರಸ್ಟಿನ ಮನೆಗಳಲ್ಲಿ ನಮ್ಮ ನಾಡಿನ ಕತೆಯೂ ಇದೆ. ವೇಲ್ಸಿನ ಪೊವಿಸ್ ಕೋಟೆಯಲ್ಲಿ ಕ್ಲೈವ್ ಮ್ಯೂಸಿಯಂ ಎಂಬ ಭಾಗವಿದೆ. ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ ಮದರಾಸಿನ ಗವರ್ನರ್ ಆಗಿದ್ದಾಗಲೇ, 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟೀಪು ಸುಲ್ತಾನ್ ಮಡಿದದ್ದು. ಆ ಬಳಿಕ ಹಂಚಿಹೋದ ವಸ್ತುಗಳಲ್ಲಿ ಟೀಪುವಿನ ಸಿಂಹಾಸನದ ಮೇಲಿದ್ದ, ರತ್ನ ಕೂಡಿಸಿದ ಚಿನ್ನದ ಹುಲಿಮುಖಗಳಲ್ಲೊಂದು ಮತ್ತು ಹೂಬಳ್ಳಿಯ ಚಿತ್ತಾರವಿರುವ ಹತ್ತಿಬಟ್ಟೆಯ ಅವನ ಡೇರೆ ಈ ಕೋಟೆಗೆ ಸೇರಿದವು. ಎಡ್ವರ್ಡನ ಹೆಂಡತಿ ಹೆನ್ರಿಯೆಟ್ಟಾ 1800ರಲ್ಲಿ ತನ್ನ ಹೆಣ್ಣುಮಕ್ಕಳನ್ನು ಕರೆದುಕೊಂಡು ಮದರಾಸಿನಿಂದ ಬೆಂಗಳೂರು, ಶ್ರೀರಂಗಪಟ್ಟಣದವರೆಗೆ ಪ್ರವಾಸ ಮಾಡಿದ್ದಳು. ಶ್ರೀರಂಗಪಟ್ಟಣದಲ್ಲಿ ದರಿಯಾ ದೌಲತ್ ನೋಡಿದ ಅಜ್ಜ, ಪೊವಿಸಿನಲ್ಲಿ ಆ ಡೇರೆಯ ಮುಂದೆ ನಿಂತು ಮೊಮ್ಮಗನಿಗೆ ಹೇಳಬಹುದಾದದ್ದು ಬಹಳವಿದೆ. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ತಡವರಿಸುತ್ತ ಮೊಮ್ಮಗನ ಬೆನ್ನ ಹಿಂದೆ ನಡೆಯುತ್ತಿದ್ದವರು ಅಂದು ಮುಂದೆ ನಡೆಯುತ್ತಾರೆ. ರೆಡಿಂಗ್ ಊರಿನ ಸಮೀಪ ಇರುವವರಿಗೆ ಬೆಸಿಲ್ಡನ್ ಪಾರ್ಕ್ ಹತ್ತಿರ; ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಚಾಕರಿಯಲ್ಲಿ ಹಣ ಮಾಡಿದ ಫ್ರಾನ್ಸಿಸ್ ಸೈಕ್ಸ್ 1776ರಿಂದ ಕಟ್ಟಿಸತೊಡಗಿದ ಮನೆ ಅದು. ಮ್ಯಾಂಚೆಸ್ಟರ್ ಕಡೆಯವರಿಗೆ 1784ರಲ್ಲಿ ಆರಂಭವಾದ ಕ್ವಾರಿ ಬ್ಯಾಂಕ್ ಹತ್ತಿ ಗಿರಣಿ. ಎಲ್ಲವೂ ಟ್ರಸ್ಟಿನವೇ.

ಕಾಫಿ ಬೆಳೆಗಾರರು ತಪ್ಪಿಸಬಾರದ ಜಾಗವೆಂದರೆ ಲಂಡನ್ನಿನ ಕ್ಯೂ ಸಸ್ಯೋದ್ಯಾನ. ಇದಕ್ಕೆ ಪ್ರತ್ಯೇಕ ಸದಸ್ಯತ್ವ. 1844ರಿಂದ 1848ರವರೆಗೆ ಕಟ್ಟಿದ ಗಾಜಿನ ತಾಳೆಮನೆಯೊಳಗೆ ಕಾಲಿಟ್ಟರೆ ನಮ್ಮ ಮಳೆಗಾಲದ ಬಿಸಿಯೂ ತೇವವೂ ಮುಖಕ್ಕೆ ಬಡಿಯುತ್ತದೆ. ಕಾಫಿಯ ಸಂಶೋಧನೆಯಲ್ಲಿ ಕ್ಯೂ ಹೆಸರಾದದ್ದು. ಲೋಕದ 124 ಕಾಡು ಕಾಫಿ ಪ್ರಭೇದಗಳಲ್ಲಿ ಶೇಕಡಾ 60ರಷ್ಟು ಅಳಿವಿನ ಅಂಚಿನಲ್ಲಿವೆಯೆಂದು 2019ರಲ್ಲಿ ತಿಳಿಸಿದವರು ಅಲ್ಲಿನ ವಿಜ್ಞಾನಿಗಳು. ಕೃಷಿಯಿಂದ ಮರೆಯಾಗಿದ್ದ ಸ್ಟೆನೋಫಿಲಾ ಎಂಬ ಪ್ರಭೇದವನ್ನು 2018ರಲ್ಲಿ ಸಿಯೆರಾ ಲಿಯೋನಿನ ಕಾಡಿನಲ್ಲಿ ಮತ್ತೆ ಪತ್ತೆ ಹಚ್ಚಿದ ತಂಡದಲ್ಲಿ ಕ್ಯೂನ ಆರನ್ ಡೇವಿಸ್ ಇದ್ದರು. ಅದರ ರುಚಿ ಅರೇಬಿಕಾಕ್ಕೆ ಸಮೀಪ, ತಾಳಿಕೊಳ್ಳುವ ಸೆಕೆ ಅರೇಬಿಕಾಕ್ಕಿಂತ ಹೆಚ್ಚು ಎಂದು 2021ರಲ್ಲಿ ಪ್ರಕಟವಾಯಿತು. ತೋಟದಲ್ಲಿ ಬಿಸಿಲೇರುತ್ತಿರುವ ಈ ದಿನಗಳಲ್ಲಿ ಅದು ನಮಗೆ ಬರೀ ಪ್ರವಾಸದ ಸುದ್ದಿಯಲ್ಲ.

ಅಲ್ಲಿನ ಕೆಲವು ಕಡೆ ಒಂದು ದಿನದ ಟಿಕೆಟ್ಟು ಕೊಂಡರೆ ವರ್ಷಪೂರ್ತಿ ಮತ್ತೆ ಬನ್ನಿ ಎನ್ನುತ್ತಾರೆ. ಬ್ರಿಸ್ಟಲಿನ ಗ್ರೇಟ್ ಬ್ರಿಟನ್ ಹಡಗು, ಲಂಡನ್ನಿನ ಸಾರಿಗೆ ಮ್ಯೂಸಿಯಂ ಹೀಗೆ ಮಾಡುತ್ತವೆ. ಇದು ಧಾರಾಳತನವೆಂದು ಭಾವಿಸುವವರಿದ್ದಾರೆ. ಹಿಂದೆ ತೆರಿಗೆಯ ಲೆಕ್ಕವೂ ಇದೆ. ಬ್ರಿಟನ್ನಿನಲ್ಲಿ ಗಿಫ್ಟ್ ಏಡ್ ಎಂಬ ವ್ಯವಸ್ಥೆಯಿದೆ. ಅಲ್ಲಿ ತೆರಿಗೆ ಕಟ್ಟುವವರು ಧರ್ಮಾರ್ಥ ಸಂಸ್ಥೆಗೆ 100 ಪೌಂಡು ದಾನ ಕೊಟ್ಟರೆ ಸಂಸ್ಥೆ ಸರ್ಕಾರದಿಂದ ಇನ್ನೂ 25 ಪೌಂಡು ಪಡೆಯುತ್ತದೆ. ಪ್ರವೇಶದ ಹಣವನ್ನು ದಾನವೆಂದು ಪರಿಗಣಿಸಬೇಕಾದರೆ ಒಂದೋ ಟಿಕೆಟ್ಟಿನ ಮೇಲೆ ಶೇಕಡಾ 10 ಹೆಚ್ಚು ಕೊಟ್ಟಿರಬೇಕು, ಇಲ್ಲವೇ ವರ್ಷದ ಪ್ರವೇಶದ ಹಕ್ಕು ಕೊಟ್ಟಿರಬೇಕು. ಸಂಸ್ಥೆ ಎರಡನೆಯದನ್ನು ಆರಿಸಿಕೊಂಡರೆ ನಮಗೆ ಪಾಸು, ಅವರಿಗೆ ನಾಲ್ಕನೇ ಒಂದು ಪಾಲು ಹೆಚ್ಚುವರಿ. ಕೌಂಟರಿನಲ್ಲಿ “ನೀವು ಇಲ್ಲಿ ತೆರಿಗೆ ಕಟ್ಟುವವರೇ?” ಎಂದು ಕೇಳುವುದು ಇದಕ್ಕೇ. ಭಾರತದಿಂದ ಹೋದ ತಂದೆ ತಾಯಂದಿರು ಆ ಘೋಷಣೆಗೆ ಸಹಿ ಹಾಕಬಾರದು. ಮಗ ಅಲ್ಲಿ ತೆರಿಗೆ ಕಟ್ಟುತ್ತಿದ್ದು ತನ್ನ ಹಣದಿಂದ ಕೊಳ್ಳುವುದಾದರೆ ಅವನು ಹಾಕಬಹುದು.

ಪಾಸೇ ಬೇಡದ ಜಾಗಗಳನ್ನೂ ಮರೆಯಬಾರದು. 2001ರ ಡಿಸೆಂಬರಿನಿಂದ ಬ್ರಿಟನ್ನಿನ ರಾಷ್ಟ್ರೀಯ ಮ್ಯೂಸಿಯಂಗಳ ಶಾಶ್ವತ ಸಂಗ್ರಹಗಳಿಗೆ ಪ್ರವೇಶ ಉಚಿತ. ಸೌತ್ ಕೆನ್ಸಿಂಗ್ಟನ್‌ನಲ್ಲಿ ವಿಕ್ಟೋರಿಯಾ ಆಂಡ್ ಆಲ್ಬರ್ಟ್, ವಿಜ್ಞಾನ, ಪ್ರಕೃತಿ ವಿಜ್ಞಾನ ಮೂರೂ ಮ್ಯೂಸಿಯಂಗಳು ಅಕ್ಕಪಕ್ಕದಲ್ಲಿವೆ. ಸಿಪಾಯಿಯ ಮೇಲೆರಗಿದ ಟೀಪುವಿನ ಮರದ ಹುಲಿ ಇರುವುದು ಮೊದಲನೆಯದರಲ್ಲಿ. ಥೇಮ್ಸ್ ದಂಡೆಯ ಬಸವೇಶ್ವರರ ಪ್ರತಿಮೆ, 2015ರ ನವೆಂಬರಿನಲ್ಲಿ ಅನಾವರಣಗೊಂಡದ್ದು, ನೋಡಲು ಕಾಲ್ನಡಿಗೆಯೊಂದೇ ಖರ್ಚು. ಲಂಡನ್ನಿನೊಳಗೇ ವಾಸವಿರುವವರು ಇವನ್ನೆಲ್ಲ ಮುಗಿಸಿ ಆಮೇಲೆ ಪಾಸಿನ ಯೋಚನೆ ಮಾಡಿದರೂ ನಡೆದೀತು. ಕಾರಿಲ್ಲದ ಮನೆಗಳಿಗೆ ರೈಲಿನ ಕಾರ್ಡೇ ಹೆಚ್ಚು ಪ್ರಯೋಜನ. 60 ದಾಟಿದವರಿಗೆ ಸಿಗುವ ಸೀನಿಯರ್ ರೈಲ್‌ಕಾರ್ಡನ್ನು ಪಾಸ್‌ಪೋರ್ಟ್ ತೋರಿಸಿ ನಾವೂ ಪಡೆಯಬಹುದು. ಅದರಿಂದ ಪ್ರಯಾಣದರದಲ್ಲಿ ಮೂರನೇ ಒಂದು ಪಾಲು ಉಳಿತಾಯ, ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಕೆಲವು ನಿರ್ಬಂಧಗಳಿವೆ. 2025ರ ಮಾರ್ಚಿನಲ್ಲಿ ಅದರ ಬೆಲೆಯನ್ನು 35 ಪೌಂಡಿಗೆ ಏರಿಸಲಾಯಿತು. ದೂರದ ಒಂದೆರಡು ಪ್ರಯಾಣಕ್ಕೇ ಆ ಹಣ ಹುಟ್ಟಬಹುದು.

ನಮ್ಮಲ್ಲಿ ಇಂಥ ಪಾಸು ಯಾಕಿಲ್ಲ ಎಂದು ಕೇಳಿದವರೂ ಇದ್ದಾರೆ. ಪುರಾತತ್ವ ಇಲಾಖೆಯ 2018ರ ಪರಿಷ್ಕೃತ ದರದಂತೆ ಚಿತ್ರದುರ್ಗದ ಕೋಟೆ, ಸೋಮನಾಥಪುರ, ದರಿಯಾ ದೌಲತ್ ಇಂಥವಕ್ಕೆ ಭಾರತೀಯರಿಗೆ 25 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಏನೂ ಇಲ್ಲ. ಬೇಲೂರು, ಹಳೇಬೀಡಿನ ದೇವಾಲಯಗಳಿಗೆ ಟಿಕೆಟ್ಟೇ ಇಲ್ಲ. ನಮ್ಮ ಖರ್ಚಿರುವುದು ಪೆಟ್ರೋಲಿನಲ್ಲಿ, ಒಂದು ದಿನದ ಕೆಲಸ ಬಿಡುವುದರಲ್ಲಿ. ಅದಕ್ಕೆ ಪಾಸು ಮಾಡಿಕೊಡುವವರು ಯಾರೂ ಇಲ್ಲ.

ಕೊನೆಯದಾಗಿ ಕೆಲವು ವ್ಯವಹಾರದ ಸಂಗತಿಗಳು. ಬ್ಯಾಂಕಿನಿಂದ ತಾನಾಗಿ ಕಡಿತವಾಗುವಂತೆ ಹಣ ಕಟ್ಟಿದರೆ ಪಾಸು, ಸದಸ್ಯತ್ವಗಳು ಬಹಳಷ್ಟು ಕಡೆ ವರ್ಷ ಮುಗಿದ ಕೂಡಲೇ ತಾವಾಗಿ ನವೀಕರಣಗೊಳ್ಳುತ್ತವೆ. ಬೇಡವಾದರೆ ಅವಧಿಗೆ ಮುನ್ನ ತಿಳಿಸಬೇಕು. ಹಿರಿಯರ ಹೆಸರಿನಲ್ಲಿ ಮಾಡಿಸಿದ್ದನ್ನು ಅವರು ಊರಿಗೆ ಮರಳಿದ ದಿನವೇ ನಿಲ್ಲಿಸಲು ಬರೆದು ಹಾಕುವುದು ಒಳ್ಳೆಯದು. ಪಾಸು ಹೆಸರಿದ್ದವರಿಗೆ ಮಾತ್ರ, ಅಣ್ಣನದನ್ನು ತಮ್ಮ ಬಳಸಲಾಗದು. ಪಾಸಿದ್ದರೂ ಕೆಲವು ಕಡೆ ದಿನ ಮುಂಗಡವಾಗಿ ಕಾದಿರಿಸಬೇಕು.

ಹೋಗುವ ಕಾಲದ ಬಗ್ಗೆ ಹೇಳುವುದಾದರೆ, ಇಂಗ್ಲೆಂಡಿನ ಶಾಲೆಗಳಿಗೆ ಈಸ್ಟರ್ ಹಬ್ಬದ ಆಸುಪಾಸು ಎರಡು ವಾರ, ಮೇ ಕೊನೆಯಲ್ಲಿ ಒಂದು ವಾರ, ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ಸುಮಾರು ಆರು ವಾರ ರಜೆ. ಆಗಸ್ಟ್ ನಮಗಾಗದು, ತೋಟದಲ್ಲಿ ಮಳೆ ಮತ್ತು ಕೊಳೆರೋಗದ ಕಾಲ. ಈಸ್ಟರಿಗೆ ಮೊದಲೇ ತಲುಪಿದರೆ ಎರಡು ವಾರ ಮೊಮ್ಮಕ್ಕಳು ಪೂರ್ತಿ ನಿಮ್ಮವರೇ. ಮೇ ಕೊನೆಯ ರಜೆಯನ್ನೂ ಮುಗಿಸಿ ಬರುವ ಆಸೆಯಿದ್ದವರು ಮೊದಲ ಬೋರ್ಡೋ ಸಿಂಪಡಣೆಯ ಏರ್ಪಾಡನ್ನು ಹೊರಡುವ ಮುನ್ನವೇ ಮಾಡಿಟ್ಟು ಹೋಗಬೇಕು. ಮೈಲುತುತ್ತ, ಸುಣ್ಣದ ಬೇಡಿಕೆಯನ್ನು ಮಾರ್ಚ್ ತಿಂಗಳೊಳಗೆ ಕಚೇರಿಯಲ್ಲಿ ಬರೆಯಿಸಿದರೆ ನಿಮ್ಮ ಪಾಲನ್ನು ತೆಗೆದಿರಿಸಿ, ನೀವು ಹೇಳಿದವರ ಕೈಗೆ ಕೊಡಲಾಗುವುದು. ಹೋಗಿಬಂದವರು ತಮ್ಮ ಖರ್ಚಿನ ಲೆಕ್ಕವನ್ನೂ, ಎಷ್ಟು ಸಲ ಪಾಸು ಬಳಸಿದಿರೆಂಬುದನ್ನೂ ಒಂದು ಹಾಳೆಯಲ್ಲಿ ಬರೆದು ಕಳಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.